40 ಪುಲ್ ರಿಕ್ವೆಸ್ಟ್ ಹಾಗೇ ಕೂತಿವೆ, ಬೇಡ ಅನ್ನೋದು ಹೇಗೆ?

ಪ್ರಶ್ನೆ: ಮೂರು ವರ್ಷದ ಹಿಂದೆ ನನ್ನ ಕೆಲಸಕ್ಕೆ ಬೇಕು ಅಂತ ಒಂದು ಸಣ್ಣ ಪೈಥಾನ್ ಲೈಬ್ರರಿ ಬರೆದು ಓಪನ್ ಸೋರ್ಸ್ ಮಾಡಿದೆ. ಸಿಎಸ್‌ವಿ ಕಡತಗಳಲ್ಲಿ ತಪ್ಪು ಹುಡುಕುವುದಷ್ಟೇ ಅದರ ಕೆಲಸ. ಈಗ ಬಳಸುವವರು ಜಾಸ್ತಿಯಾಗಿದ್ದಾರೆ. ಬೇರೆಯವರು ಕೋಡ್ ಬದಲಿಸಿ "ಸೇರಿಸಿಕೊಳ್ಳಿ" ಅಂತ ಕಳಿಸಿದ 40 ಪುಲ್ ರಿಕ್ವೆಸ್ಟ್‌ಗಳು ಉತ್ತರ ಇಲ್ಲದೆ ಕೂತಿವೆ, ಕೆಲವು ಎಂಟು ತಿಂಗಳು ಹಳೆಯವು. ನೋಡಿಕೊಳ್ಳುವವನು ನಾನೊಬ್ಬನೇ, ವಾರಕ್ಕೆ ಸಿಗುವ ಬಿಡುವು ನಾಲ್ಕು ಗಂಟೆ. ಪಾಪ, ಕಷ್ಟಪಟ್ಟು ಬರೆದು ಕಳಿಸಿದವರಿಗೆ ಬೇಡ ಅನ್ನಲು ಬಾಯಿ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಸಂಕೋಚ ಅರ್ಥವಾಗುತ್ತದೆ. ಆದರೆ ಕಳಿಸಿದವರ ಕಡೆಯಿಂದ ಒಮ್ಮೆ ನೋಡಿ. ಬೇಡ ಅಂದರೆ ಒಂದು ದಿನ ಬೇಜಾರಾಗುತ್ತದೆ. ಎಂಟು ತಿಂಗಳು ಸುಮ್ನೆ ಇದ್ದರೆ ಅವರು ಮತ್ತೆ ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ.

ಇನ್ನೊಂದು ಮಾತು. ಮರ್ಜ್ ಮಾಡಿದ, ಅಂದರೆ ಲೈಬ್ರರಿಗೆ ಸೇರಿಸಿಕೊಂಡ ಕ್ಷಣದಿಂದ ಆ ಕೋಡ್ ನಿಮ್ಮ ಜವಾಬ್ದಾರಿ. ಪೈಥಾನ್ ವರ್ಷಕ್ಕೊಂದು ಹೊಸ ಆವೃತ್ತಿ ಬಿಡುತ್ತದೆ. ಆಗ ಏನಾದರೂ ಮುರಿದರೆ ಜನ ಕೇಳುವುದು ನಿಮ್ಮನ್ನೇ. ಬರೆದವರಿಗೆ ಅದು ಒಂದು ಸಂಜೆಯ ಕೆಲಸ, ನಿಮಗೆ ವರ್ಷಗಟ್ಟಲೆ ಸಾಕುವ ಕೆಲಸ. ಆದ್ದರಿಂದ "ಕೋಡ್ ಚೆನ್ನಾಗಿದೆಯಾ?" ಅಂತ ಕೇಳುವ ಮೊದಲು "ಇದನ್ನು ನಾನು ಸಾಕಬಲ್ಲೆನಾ?" ಅಂತ ಕೇಳಿಕೊಳ್ಳಿ.

ಈ ವಾರದ ನಾಲ್ಕು ಗಂಟೆಯಲ್ಲಿ ಏನನ್ನೂ ಮರ್ಜ್ ಮಾಡಬೇಡಿ. ಬರೀ ಓದಿ, ಬೇರ್ಪಡಿಸಿ. ಟೆಸ್ಟ್ ಜೊತೆಗೆ ಬಂದ ಬಗ್ ತಿದ್ದುಪಡಿಗಳು ಮುಂದಿನ ವಾರಕ್ಕೆ ಮೊದಲು. ಲೈಬ್ರರಿಯ ಕೆಲಸಕ್ಕೆ ಸೇರದ ಫೀಚರ್‌ಗಳನ್ನು ಇವತ್ತೇ ಮುಚ್ಚಿ. ಹೀಗೆ ಬರೆದರೆ ಸಾಕು: "ಇಷ್ಟು ಶ್ರಮ ಹಾಕಿದ್ದಕ್ಕೆ ಧನ್ಯವಾದ, ಉತ್ತರ ತಡವಾದದ್ದಕ್ಕೆ ಕ್ಷಮಿಸಿ. ಈ ಲೈಬ್ರರಿ ತಪ್ಪು ತೋರಿಸುತ್ತದೆ, ತಿದ್ದುವುದಿಲ್ಲ. ಅದಕ್ಕೆ ಇದನ್ನು ಸೇರಿಸುತ್ತಿಲ್ಲ. ಬೇರೆ ಪ್ಯಾಕೇಜ್ ಆಗಿ ಬಿಟ್ಟರೆ ನಮ್ಮ ರೀಡ್‌ಮಿಯಲ್ಲಿ ಕೊಂಡಿ ಹಾಕುತ್ತೇನೆ." ಉಳಿದವರಿಗೆ, ಇನ್ನೂ ಮುಂದುವರಿಸುವ ಮನಸ್ಸಿದೆಯಾ ಅಂತ ಕೇಳಿ ಮೂರು ವಾರ ಕಾಯಿರಿ. ಹಳೆಯದನ್ನೆಲ್ಲ ಬಾಟ್ ಹಾಕಿ ತಾನಾಗಿ ಮುಚ್ಚಿಸುವುದು ನನಗಂತೂ ಇಷ್ಟವಿಲ್ಲ. ತಡ ಮಾಡಿದ್ದು ನಾವು, ಬಾಗಿಲು ಹಾಕಿಸಿಕೊಳ್ಳುವುದು ಅವರು ಅಂದರೆ ಸರಿಯಲ್ಲ, ಅಲ್ವಾ?

ಆಮೇಲೆ ಕೋಡ್ ಕಳಿಸುವವರಿಗೆ ನಿಯಮ ಹೇಳುವ ಕಾಂಟ್ರಿಬ್ಯೂಟಿಂಗ್ ಕಡತ ಬರೆಯಿರಿ. ಒಂದು ಪುಟ ಸಾಕು. ಲೈಬ್ರರಿ ಏನು ಮಾಡುವುದಿಲ್ಲ ಅನ್ನುವುದು ಮೊದಲ ಸಾಲಿನಲ್ಲೇ ಇರಲಿ. ದೊಡ್ಡ ಬದಲಾವಣೆಗೆ ಮೊದಲು ಇಶ್ಯೂ (ಚರ್ಚೆಯ ಪುಟ) ತೆರೆದು ಮಾತಾಡಿ, ಆಮೇಲೆ ಕೋಡ್ ಬರೆಯಿರಿ ಅನ್ನುವುದೂ ಇರಲಿ. ಸ್ಪೇಸ್, ಸಾಲಿನ ಉದ್ದದಂಥ ತಕರಾರುಗಳನ್ನು ಸಿಐ (ಬಂದ ಕೋಡನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಹೇಳಲಿ. ಯಂತ್ರ ಹೇಳಿದರೆ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಇನ್ನೊಬ್ಬ ಸದಸ್ಯರು: ನನಗೆ ಒಬ್ಬರು 1800 ಸಾಲಿನ ಬದಲಾವಣೆಯನ್ನು ಒಟ್ಟಿಗೆ ಕಳಿಸಿದ್ದಾರೆ. ಒಂದು ಒಳ್ಳೆಯ ಬಗ್ ತಿದ್ದುಪಡಿ, ಎರಡು ಫೀಚರ್, ಜೊತೆಗೆ ಇಡೀ ಕೋಡಿನ ಫಾರ್ಮ್ಯಾಟಿಂಗ್. ಎಲ್ಲಿಂದ ಶುರು ಮಾಡಲಿ?

ಉತ್ತರ: ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್‌ನಲ್ಲಿ ಹಳೆಯ ನಿಯಮವೊಂದಿದೆ: ಒಂದು ಪ್ಯಾಚ್‌ನಲ್ಲಿ (ಒಮ್ಮೆಗೆ ಕಳಿಸುವ ತಿದ್ದುಪಡಿಯಲ್ಲಿ) ಒಂದೇ ಬದಲಾವಣೆ. ಅದನ್ನೇ ಹೇಳಿ, ಬಗ್ ತಿದ್ದುಪಡಿಯನ್ನು ಮಾತ್ರ ಮೊದಲು ಬೇರೆ ಮಾಡಿ ಕಳಿಸಲು ಕೇಳಿ. ಅವರಿಗೆ ಸಮಯವಿಲ್ಲದಿದ್ದರೆ ನೀವೇ ಬಿಡಿಸಿಕೊಳ್ಳಿ, ಆದರೆ ಹೆಸರು ಅವರದ್ದೇ ಇರಲಿ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಬರೆದವರ ಹೆಸರು ಬೇರೆ, ಕಮಿಟ್ ಮಾಡಿದವರ (ಅದನ್ನು ದಾಖಲೆಗೆ ಸೇರಿಸಿದವರ) ಹೆಸರು ಬೇರೆ ದಾಖಲಾಗುತ್ತದೆ. ಇದನ್ನು ಮರೆತು ಎಷ್ಟೋ ಜನ ಒಳ್ಳೆಯ ಕೊಡುಗೆದಾರರನ್ನು ಕಳೆದುಕೊಂಡಿದ್ದಾರೆ.

ಮತ್ತೊಬ್ಬರು: ಕೋಡ್ ಕಳಿಸುವವರಿಂದ ಕಾನೂನು ಒಪ್ಪಂದ ಏನಾದರೂ ಬರೆಸಿಕೊಳ್ಳಬೇಕಾ?

ಉತ್ತರ: ಸಣ್ಣ ಪ್ರಾಜೆಕ್ಟ್‌ಗಳಿಗೆ ಸಾಮಾನ್ಯವಾಗಿ ಡಿಸಿಒ (ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್) ಸಾಕು. 2004ರಲ್ಲಿ ಲಿನಕ್ಸ್ ಕರ್ನೆಲ್‌ಗಾಗಿ ಶುರುವಾದದ್ದು. "ಇದನ್ನು ಕೊಡುವ ಹಕ್ಕು ನನಗಿದೆ" ಅಂತ ಬರೆದವರು ಪ್ರತಿ ಕಮಿಟ್‌ನಲ್ಲೂ ಒಂದು "ಸೈನ್ಡ್ ಆಫ್ ಬೈ" ಸಾಲು ಸೇರಿಸುತ್ತಾರೆ, ಅಷ್ಟೇ. ಮುಂದೆ ಲೈಸೆನ್ಸ್ ಬದಲಿಸುವ ಯೋಚನೆಯಿದ್ದರೆ ಮಾತ್ರ ಸಿಎಲ್‌ಎ (ಕೊಡುಗೆದಾರರ ಲೈಸೆನ್ಸ್ ಒಪ್ಪಂದ) ಬಗ್ಗೆ ವಕೀಲರ ಹತ್ತಿರ ಮಾತಾಡಿ.

ಮೊದಲು ಕೇಳಿದವರು: ತುಂಬಾ ಚೆನ್ನಾಗಿ ಕೋಡ್ ಬರೆಯುವ ಒಬ್ಬರು ಮರ್ಜ್ ಮಾಡುವ ಹಕ್ಕು ಕೇಳುತ್ತಿದ್ದಾರೆ. ಎಕ್ಸ್‌ಜೆಡ್ ಕಥೆ ಕೇಳಿದ ಮೇಲೆ ಭಯ.

ಉತ್ತರ: ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಎಕ್ಸ್‌ಜೆಡ್ ಅನ್ನುವ ಕಂಪ್ರೆಶನ್ ಸಾಫ್ಟ್‌ವೇರನ್ನು ದಣಿದಿದ್ದ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಜಿಯಾ ತಾನ್ ಅನ್ನುವ ಹೆಸರಿನ ಖಾತೆಯೊಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ಯಾಚ್ ಕಳಿಸಿ ನಂಬಿಕೆ ಗಳಿಸಿತು. ಅದೇ ಹೊತ್ತಿಗೆ ಬೇರೆ ಹೆಸರುಗಳಿಂದ "ಕೆಲಸ ನಿಧಾನ, ಬೇರೆಯವರಿಗೆ ಕೊಡಿ" ಅಂತ ಒತ್ತಡ ಬಂತು. ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಸೇರಿತು. 2024ರ ಮಾರ್ಚ್‌ನಲ್ಲಿ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಸೇರುವ ವಿಧಾನ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಆಂಡ್ರೆಸ್ ಫ್ರೊಯಿಂಡ್ ಅನ್ನುವ ಎಂಜಿನಿಯರ್ ಬೆನ್ನುಹತ್ತಿದ್ದರಿಂದ ಅದು ಸಿಕ್ಕಿಬಿತ್ತು.

ಇದನ್ನು ಕೇಳಿ ಸಹಾಯವನ್ನೇ ದೂರ ಮಾಡಬೇಡಿ. ಒಂಟಿಯಾಗಿ ಬಳಲುವವರನ್ನೇ ಅಲ್ಲಿ ಗುರಿ ಮಾಡಿದ್ದು. ಹಕ್ಕನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡಿ. ಮೊದಲು ಇಶ್ಯೂಗಳನ್ನು ವಿಂಗಡಿಸಲಿ, ಆಮೇಲೆ ಬೇರೆಯವರ ಕೋಡ್ ರಿವ್ಯೂ ಮಾಡಲಿ. ಬೇರೆಯವರ ಜೊತೆ ಹೇಗೆ ಮಾತಾಡುತ್ತಾರೆ ಅನ್ನುವುದನ್ನು ಗಮನಿಸಿ, ನನಗೆ ಅದು ಕೋಡ್‌ಗಿಂತ ದೊಡ್ಡದು. ಮರ್ಜ್ ಹಕ್ಕು ಕೊಟ್ಟ ಮೇಲೂ ಇನ್ನೊಬ್ಬರು ನೋಡದೆ ಏನೂ ಮರ್ಜ್ ಆಗದಂತೆ ಕಟ್ಟುಹಾಕಿ. ಆ ನಿಯಮ ನಿಮಗೂ ಇರಲಿ.

ರಿಲೀಸ್ ಮಾಡುವ ಹಕ್ಕು ಕೊನೆಗೆ. ಎಕ್ಸ್‌ಜೆಡ್‌ನಲ್ಲಿ ಹಿಂಬಾಗಿಲನ್ನು ಚಾಲೂ ಮಾಡುವ ತುಣುಕು ಗಿಟ್‌ನಲ್ಲಿ ಇರಲೇ ಇಲ್ಲ, ರಿಲೀಸ್‌ಗಾಗಿ ಕಟ್ಟಿದ ಕಡತದಲ್ಲಿ ಮಾತ್ರ ಇತ್ತು. ಪೈಥಾನ್ ಪ್ಯಾಕೇಜ್‌ಗಳ ಭಂಡಾರವಾದ ಪೈಪಿಐನಲ್ಲಿ 2023ರಿಂದ ಟ್ರಸ್ಟೆಡ್ ಪಬ್ಲಿಷಿಂಗ್ ಇದೆ. ಯಾರ ಲ್ಯಾಪ್‌ಟಾಪ್‌ನಿಂದಲೂ ಅಲ್ಲದೆ ರೆಪೊಸಿಟರಿಯ (ಕೋಡ್ ಇಟ್ಟಿರುವ ಜಾಗದ) ತಾನಾಗಿ ನಡೆಯುವ ವರ್ಕ್‌ಫ್ಲೋನಿಂದಲೇ ಪ್ಯಾಕೇಜ್ ಹೋಗುತ್ತದೆ. ಅದನ್ನೇ ಬಳಸಿ.

ಮೊದಲು ಕೇಳಿದವರು: ನಿನ್ನೆ 11 ಮುಚ್ಚಿದೆ. ಇಬ್ಬರು ಧನ್ಯವಾದ ಬರೆದರು. ಒಬ್ಬರಿಗೆ ತುಂಬಾ ಸಿಟ್ಟು ಬಂದಿದೆ, ಎಂಟು ತಿಂಗಳು ಕಾಯಿಸಿ ಈಗ ಬೇಡ ಅಂತೀರಾ ಅಂತ.

ಉತ್ತರ: ಅವರ ಸಿಟ್ಟು ನ್ಯಾಯವಾದದ್ದು. ತಡ ಮಾಡಿದ್ದು ನನ್ನ ತಪ್ಪು ಅಂತ ನೇರವಾಗಿ ಒಪ್ಪಿಕೊಳ್ಳಿ, ನಿರ್ಧಾರ ಬದಲಿಸಬೇಡಿ. ಉಳಿದ 29ರಲ್ಲಿ ಅತಿ ಹಳೆಯದನ್ನು ಇವತ್ತು ತೆರೆಯಿರಿ.