ಥರ್ಮಲ್ ಕ್ಯಾಮೆರಾದಲ್ಲಿ ಸೀಲಿಂಗ್ ಪೂರ್ತಿ ಕೆಂಪು, ಏಸಿ ರೂಮ್ ತಣ್ಣಗಾಗುತ್ತಿಲ್ಲ (ಉಡುಪಿ)

ಮಣಿಪಾಲ_ಮೇಲ್ಮಾಳಿಗೆ: ತಲೆ ಕೆಟ್ಟು ಹೋಗಿದೆ. ಬೆಡ್‌ರೂಮಿಗೆ ಒಂದೂವರೆ ಟನ್ ಏಸಿ ಹಾಕಿಸಿದ್ದೇನೆ. 24ಕ್ಕೆ ಇಟ್ಟರೂ ಮಲಗುವ ಹೊತ್ತಿಗೆ 27ರಿಂದ ಕೆಳಗಿಳಿಯುವುದಿಲ್ಲ. ಸರ್ವಿಸಿನವರು ಬಂದು ಗ್ಯಾಸ್ ಸರಿ ಉಂಟು ಅಂತ ಹೇಳಿ ದುಡ್ಡು ತಗೊಂಡು ಹೋದರು. ಕೊನೆಗೆ ಫೋನಿಗೆ ಸಿಕ್ಕಿಸುವ ಥರ್ಮಲ್ ಕ್ಯಾಮೆರಾ ತರಿಸಿದೆ. ಸೀಲಿಂಗ್ ಪೂರ್ತಿ ಕೆಂಪು, ನಡುನಡುವೆ ಬಿಳಿ ಚುಕ್ಕೆ. ಕಿಟಕಿ ಗಾಜಿನಲ್ಲಿ ಯಾರೋ ನಿಂತ ಹಾಗೆ ಕಾಣುತ್ತದೆ! ತಂಪು ಎಲ್ಲಿಂದ ಸೋರುತ್ತಿದೆ ಹೇಳಿ. ಫೋಟೋ ಹಾಕಿದ್ದೇನೆ.

ಕೂಳೂರು_ವೈರ್‌ಮ್ಯಾನ್: ಗಾಜಿನಲ್ಲಿ ನಿಂತದ್ದು ನೀವೇ ಮಾರಾಯ್ರೆ. ಈ ಕ್ಯಾಮೆರಾಗಳು ನೋಡುವ ಇನ್‌ಫ್ರಾರೆಡ್ ಗಾಜಿನ ಆಚೆ ಹೋಗುವುದಿಲ್ಲ. ನಿಮ್ಮ ಮೈಬಿಸಿಯೇ ಗಾಜಿಗೆ ಬಡಿದು ವಾಪಸ್ ಬರುತ್ತದೆ.

ಬಂದರು_ಮೀಟರ್: ಎಮಿಸಿವಿಟಿ, ಅಂದರೆ ಮೇಲ್ಮೈ ಎಷ್ಟು ಚೆನ್ನಾಗಿ ಬಿಸಿ ಕಿರಣ ಹೊರಗೆ ಬಿಡುತ್ತದೆ ಅನ್ನುವ ಸೆಟ್ಟಿಂಗ್, ಎಷ್ಟಕ್ಕೆ ಇಟ್ಟಿದ್ದೀರಿ? ಅದು ತಪ್ಪಿದ್ದರೆ ಎಲ್ಲ ರೀಡಿಂಗೂ ತಪ್ಪು.

ಮಣಿಪಾಲ_ಮೇಲ್ಮಾಳಿಗೆ: 0.95. ಬಂದ ಹಾಗೆಯೇ ಬಿಟ್ಟಿದ್ದೇನೆ.

ಬಂದರು_ಮೀಟರ್: ಅದೇ ನೋಡಿ! ಪೇಂಟ್ ಯಾವುದು? ಹೊಳೆಯುವುದಾ, ಮ್ಯಾಟಾ?

ಕೂಳೂರು_ವೈರ್‌ಮ್ಯಾನ್: ಗೋಡೆ ಪೇಂಟ್ ಯಾವುದಾದರೂ 0.9ರ ಆಸುಪಾಸೇ. ಪಾಲಿಶ್ ಮಾಡಿದ ಸ್ಟೀಲ್, ಅಲ್ಯೂಮಿನಿಯಂ ಆದರೆ ಬೇರೆ ಮಾತು. ಡೌಟ್ ಇದ್ದರೆ ಸೀಲಿಂಗಿಗೆ ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಲಿ. ಟೇಪೂ ಪಕ್ಕದ ಪೇಂಟೂ ಒಂದೇ ತೋರಿಸಿದರೆ ಸೆಟ್ಟಿಂಗ್ ಸರಿ ಉಂಟು ಅಂತ. ಅದಕ್ಕಿಂತ ಮೊದಲು ಫೋಟೋದ ಪಕ್ಕದ ಪಟ್ಟಿ ನೋಡಿ: 27.8ರಿಂದ 31.2. ಆಟೋ ಮೋಡಿನಲ್ಲಿ ಅಷ್ಟು ಸಣ್ಣ ವ್ಯತ್ಯಾಸವನ್ನೇ ನೀಲಿಯಿಂದ ಬಿಳಿವರೆಗೆ ಎಳೆದು ತೋರಿಸುತ್ತದೆ. ಸ್ಕೇಲ್ 20ರಿಂದ 40ಕ್ಕೆ ಲಾಕ್ ಮಾಡಿ ತೆಗೆಯಿರಿ, ಅರ್ಧ ಗಾಬರಿ ಇಳಿಯುತ್ತದೆ.

ಮುರಕಲ್ಲು_ಮನೆ: ಎಂತ ಟೇಪ್, ಎಂತ ಸ್ಕೇಲ್! ಮೇಲಿನ ಮಹಡಿ ಅಲ್ವಾ? ಕಾಂಕ್ರೀಟ್ ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿದು ಸಂಜೆ ಮೇಲೆ ಕೆಳಗೆ ಬಿಡುತ್ತದೆ. ಟೆರೇಸಿಗೆ ಬಿಳಿ ಕೂಲ್ ಪೇಂಟ್ ಹೊಡೆಯಿರಿ, ಮುಗೀತು. ನಮ್ಮದು ಮುರಕಲ್ಲಿನ ಗೋಡೆ, ಹಂಚಿನ ಮಾಡು. ಏಪ್ರಿಲಿನಲ್ಲೂ ಫ್ಯಾನ್ ಸಾಕು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಸುಮ್ನೆ ಹಾಕಿದ್ದಲ್ಲ.

ಕೂಳೂರು_ವೈರ್‌ಮ್ಯಾನ್: ಅವರ ರೂಮ್ ಈಗ ತಣ್ಣಗಾಗಬೇಕು, 1865ರಲ್ಲಿ ಅಲ್ಲ.

ಮಣಿಪಾಲ_ಮೇಲ್ಮಾಳಿಗೆ: ಟೆರೇಸಿಗೆ ಶೀಟ್ ಹಾಕಿದ್ದೇವೆ. ಸ್ಲ್ಯಾಬಿಗೆ ಬಿಸಿಲು ಬೀಳುವುದೇ ಇಲ್ಲ.

ಮುರಕಲ್ಲು_ಮನೆ: ಹಾಗಾದರೆ ಶೀಟಿಗೆ ಪೇಂಟ್ ಹೊಡೆಯಿರಿ.

ಬಂದರು_ಮೀಟರ್: ಶೀಟ್ ಅಲ್ಯೂಮಿನಿಯಂದಾ? ಅದರ ಎಮಿಸಿವಿಟಿ ನೋಡಿ...

ಕಾಪು_ಕಡಲು: ಶೀಟ್ ಟೆರೇಸಲ್ಲಿ ಉಂಟು, ಕ್ಯಾಮೆರಾ ಬೆಡ್‌ರೂಮಲ್ಲಿ. ಆ ಬಿಳಿ ಚುಕ್ಕೆ ಯಾಕೆ ಯಾರೂ ಕೇಳುತ್ತಿಲ್ಲ? ನಾಲ್ಕೂ ಬದಿಗೆ ಸಾಲಾಗಿ, ಒಂದೇ ಅಂತರದಲ್ಲಿ ಇದೆ. ಸ್ಲ್ಯಾಬ್ ಹಾಗೆಲ್ಲ ಸಾಲು ಹಿಡಿದು ಬಿಸಿಯಾಗುವುದಿಲ್ಲ.

ಮಣಿಪಾಲ_ಮೇಲ್ಮಾಳಿಗೆ: ಅದು ಲೈಟು. ಫಾಲ್ಸ್ ಸೀಲಿಂಗಿಗೆ ಇರುವ ಲೈಟು, ಇನ್ನೇನು?

ಕಾಪು_ಕಡಲು: ಫಾಲ್ಸ್ ಸೀಲಿಂಗಾ! ಇಷ್ಟು ಹೊತ್ತು ಎಲ್ಲರೂ ಸ್ಲ್ಯಾಬ್ ಸ್ಲ್ಯಾಬ್ ಅಂತ ಜಗಳ ಮಾಡಿದ್ದು ಎಂತಕ್ಕೆ?

ಮಣಿಪಾಲ_ಮೇಲ್ಮಾಳಿಗೆ: ಈಗ ಎಲ್ಲರ ಮನೆಯಲ್ಲೂ ಇರುತ್ತದಲ್ಲ ಸಾರ್. ಫೋಟೋದಲ್ಲಿ ಕಾಣುವುದಿಲ್ವಾ?

ಕಾಪು_ಕಡಲು: ಥರ್ಮಲ್ ಫೋಟೋದಲ್ಲಿ ಜಿಪ್ಸಮ್ಮೂ ಸಿಮೆಂಟೂ ಒಂದೇ ಥರ. ಈಗ ಹೀಗೆ ಮಾಡಿ. ಲೈಟ್ ಎಲ್ಲ ಒಂದು ಗಂಟೆ ಆಫ್ ಇಡಿ, ಅವುಗಳ ಸ್ವಂತ ಬಿಸಿ ಇಳಿಯಲಿ. ಏಸಿ ಓಡುತ್ತಿರಲಿ. ಅಟ್ಯಾಚ್ಡ್ ಬಾತ್‌ರೂಮಿನ ಎಕ್ಸಾಸ್ಟ್ ಹಾಕಿ, ಆ ಬಾಗಿಲು ತೆರೆದಿಡಿ, ಬಾತ್‌ರೂಮಿನ ಕಿಟಕಿಯೂ ಸೇರಿ ಉಳಿದದ್ದೆಲ್ಲ ಮುಚ್ಚಿ. ಫ್ಯಾನ್ ಗಾಳಿ ಹೊರಗೆ ತಳ್ಳಿದರೆ ಅಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಬರುವ ಜಾಗ ಬಿಸಿಯಾಗಿ ಕಾಣುತ್ತದೆ. ದೊಡ್ಡ ಮಟ್ಟದಲ್ಲಿ ಇದನ್ನೇ ಬಾಗಿಲಿಗೆ ಫ್ಯಾನ್ ಕಟ್ಟಿ 50 ಪ್ಯಾಸ್ಕಲ್ ಒತ್ತಡದಲ್ಲಿ ಮಾಡುತ್ತಾರೆ. ನಮಗೆ ಎಕ್ಸಾಸ್ಟೂ ಒಂದು ಊದುಬತ್ತಿಯೂ ಸಾಕು. ಚಳಿ ದೇಶದಲ್ಲಿ ಒಳಗೆ ಹೊರಗೆ ಇಪ್ಪತ್ತು ಡಿಗ್ರಿ ವ್ಯತ್ಯಾಸ ಸಿಗುತ್ತದೆ, ನಮಗೆ ಆರೇಳು ಸಿಕ್ಕಿದರೆ ಪುಣ್ಯ. ಹಾಗಾಗಿ ಮಧ್ಯಾಹ್ನವೇ ಮಾಡಿ.

ಮಣಿಪಾಲ_ಮೇಲ್ಮಾಳಿಗೆ: ಮಾಡಿದೆ. ಹೆಚ್ಚಿನ ಲೈಟು ತಣ್ಣಗಾದವು. ಹೊರಗೋಡೆ ಬದಿಯ ಎರಡು ಆಗಲಿಲ್ಲ, ಸುತ್ತ ಕೆಂಪು ಹಾಗೇ ಇದೆ. ಊದುಬತ್ತಿ ಹಿಡಿದರೆ ಹೊಗೆ ಕೆಳಕ್ಕೆ ಬಾಗುತ್ತದೆ. ಒಂದು ಲೈಟ್ ಇಳಿಸಿ ಟಾರ್ಚ್ ಬಿಟ್ಟು ನೋಡಿದೆ. ಏಸಿ ಪೈಪ್ ಹೊರಗೆ ಹೋಗುವ ತೂತು ಸೀಲಿಂಗಿನ ಮೇಲೆಯೇ ಇದೆ. ಪೈಪಿನ ಸುತ್ತ ಸಿಮೆಂಟ್ ಹಾಕದೆ ಒಂದು ತುಂಡು ಥರ್ಮಾಕೋಲ್ ತುರುಕಿದ್ದಾರೆ, ಅದೂ ಅರ್ಧ ಬಿದ್ದಿದೆ. ಆಚೆಯ ಬೆಳಕು ಕಾಣುತ್ತದೆ.

ಕಾಪು_ಕಡಲು: ಸಿಕ್ಕಿತಲ್ಲ. ಫೋಮ್ ಹೊಡೆಸಿ, ಹೊರಗಿನಿಂದ ಸಿಮೆಂಟ್ ಮೆತ್ತಿಸಿ. ಮಳೆಗಾಲಕ್ಕೆ ಮೊದಲು ಮಾಡಿ, ಇಲ್ಲವಾದರೆ ಜಿಪ್ಸಮ್ ನೀರು ಕುಡಿಯುತ್ತದೆ. ಎಕ್ಸಾಸ್ಟ್ ಯಾವಾಗಲೂ ಹಾಕಿರುತ್ತೀರಾ?

ಮಣಿಪಾಲ_ಮೇಲ್ಮಾಳಿಗೆ: ಹೌದು, ಇಡೀ ದಿನ. ಆಫ್ ಮಾಡಿದರೆ ಬಾತ್‌ರೂಮಿಗೆ ಬೂಸು ಹಿಡಿಯುತ್ತದೆ ಅಂತ ಮನೆಯವಳು ಬಿಡುವುದಿಲ್ಲ.

ಕೂಳೂರು_ವೈರ್‌ಮ್ಯಾನ್: ಟೈಮರ್ ಸ್ವಿಚ್ ಹಾಕಿಸಿ. ಸ್ನಾನ ಆದ ಮೇಲೆ ಅರ್ಧ ಗಂಟೆ ಓಡಿದರೆ ಸಾಕು.

ಮುರಕಲ್ಲು_ಮನೆ: ಸ್ಲ್ಯಾಬೂ ಬಿಸಿ ಇರುತ್ತದೆ, ನಾನು ಹೇಳಿದ್ದು ತಪ್ಪಲ್ಲ.

ಬಂದರು_ಮೀಟರ್: ಟೇಪ್ ಅಂಟಿಸಿ ನೋಡಿದಿರಾ? ನನ್ನದು 256×192 ಪಿಕ್ಸೆಲ್ ಸೆನ್ಸರ್. ಅದರಲ್ಲಿ ಬೈಕಿನ ಸೈಲೆನ್ಸರ್, ಡಿಬಿ ಬಾಕ್ಸ್ (ಮನೆಯ ಕರೆಂಟ್ ಹಂಚುವ ಪೆಟ್ಟಿಗೆ), ಇನ್ವರ್ಟರಿನ ಲೂಸ್ ಟರ್ಮಿನಲ್ ಎಲ್ಲ ತೆಗೆದಿದ್ದೇನೆ. ಫೋಟೋ ಹಾಕಲಾ?

ಕೂಳೂರು_ವೈರ್‌ಮ್ಯಾನ್: ಡಿಬಿದು ಹಾಕಿ. ಬೈಕ್ ಬೇಡ.

ಹೊಸಬ_ಕುಂದಾಪುರ: ಈ ಕ್ಯಾಮೆರಾ ಐಫೋನಿಗೆ ಸಿಕ್ಕಿಸಬಹುದಾ?