'ಡಿಪಾಸಿಟ್'ಗೆ ಠೇವಣಿ ಬಿಟ್ಟು ಬೇರೆ ಪದ ಇದೆಯಾ? (ಕಿಡ್ನಿ ಕರಪತ್ರ, ಅರ್ಜೆಂಟ್)

ಗೆಳೆಯರೇ,
ಐಜಿಎ ನೆಫ್ರೋಪತಿ ಅನ್ನುವ ಕಿಡ್ನಿ ಕಾಯಿಲೆ ಬಗ್ಗೆ ರೋಗಿಗಳಿಗೆ ಕೊಡುವ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಚಾಮರಾಜಪೇಟೆಯ ಪ್ರೆಸ್‌ಗೆ ಕೊಡಬೇಕು. 'ಡಿಪಾಸಿಟ್' ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಐಜಿಎ ಅನ್ನುವ ರೋಗನಿರೋಧಕ ಪ್ರೋಟೀನ್ ಕಿಡ್ನಿಯಲ್ಲಿ ರಕ್ತ ಸೋಸುವ ಗ್ಲೋಮೆರುಲಸ್‌ಗಳಲ್ಲಿ, ಅದರಲ್ಲೂ ಮೆಸಾಂಜಿಯಂ ಅನ್ನುವ ನಡುವಿನ ಅಂಗಾಂಶದಲ್ಲಿ, ಸೇರಿಕೊಳ್ಳುತ್ತದೆ. ಬಯಾಪ್ಸಿ ಚೂರಿಗೆ ಇಮ್ಯುನೋಫ್ಲೋರೆಸೆನ್ಸ್ (ಹೊಳೆಯುವ ಬಣ್ಣ ಹಚ್ಚಿ ನೋಡುವ ಪರೀಕ್ಷೆ) ಮಾಡಿದಾಗ ಹೊಳೆಯುತ್ತದೆ. ಹಳೇ ಕರಡಿನಲ್ಲಿ 'ಐಜಿಎ ಠೇವಣಿ' ಅಂತಿದೆ. ಠೇವಣಿ ಚುನಾವಣೆಯಲ್ಲಿ ಕಳೆದುಕೊಳ್ಳುವುದು, ಅಲ್ವಾ? 'ನಿಕ್ಷೇಪ' ಅಂದರೆ ಅದಿರು ನೆನಪಾಗುತ್ತದೆ. ಬಯಾಪ್ಸಿಯಲ್ಲಿ ಕೆಲವೊಮ್ಮೆ ಕಾಣುವ ಬಾಗಿದ ಆಕಾರ, 'ಕ್ರೆಸೆಂಟ್'ಗೂ ಒಂದು ಪದ ಬೇಕು.

ಬಸವನಗುಡಿಯಿಂದ:
ಗಸಿ. ಅಚ್ಚಗನ್ನಡ, ಚರ್ಚೆಯೇ ಬೇಡ. ಗ್ಲೋಮೆರುಲಸ್‌ಗೆ 'ಉಂಡೆ' ಅನ್ನಿ. ಲ್ಯಾಟಿನ್‌ನಲ್ಲೂ ಅದರ ಮೂಲ ನೂಲಿನ ಉಂಡೆಯೇ. 'ಮೂತ್ರಜನಕಾಂಗ' ಎಲ್ಲಾದರೂ ಇದ್ದರೆ ಕಿತ್ತುಹಾಕಿ. ಅರ್ಧ ಜನ ಅದನ್ನು 'ಜನನಾಂಗ' ಅಂತ ಓದುತ್ತಾರೆ.

ಜಯನಗರದಿಂದ (ಪೆಥಾಲಜಿ ನನ್ನ ಕಸುಬು):
ಉಂಡೆ ಸರಿ. ಗಸಿ ತಪ್ಪು ಸಾರ್. ಮೂತ್ರವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದಾಗ ತಳದಲ್ಲಿ ಉಳಿಯುತ್ತದಲ್ಲ, ಅದು ಗಸಿ. ಕೆಂಪು ರಕ್ತಕಣಗಳನ್ನು ಅಲ್ಲಿ ಹುಡುಕುತ್ತೇವೆ. ಐಜಿಎ ಕೂರುವುದು ತಳದಲ್ಲಲ್ಲ, ಉಂಡೆಯೊಳಗಿನ ಲೋಮನಾಳಗಳಿಗೆ ನಡುವೆ ಆಸರೆಯಾಗಿರುವ ಅಂಗಾಂಶದಲ್ಲಿ. ಆಮೇಲೆ ಅಲ್ಲಿನ ಜೀವಕೋಶಗಳು ಜಾಸ್ತಿಯಾಗುತ್ತವೆ, ಕೆಲವರಲ್ಲಿ ಉಂಡೆಯೇ ಕಲೆಗಟ್ಟುತ್ತದೆ. ನಾಮಪದವೇ ಯಾಕೆ ಬೇಕು? 'ಐಜಿಎ ಕೂತಿದೆ' ಅಂತ ಬರೆಯಿರಿ, ಮುಗೀತು.

ಮಲ್ಲೇಶ್ವರದಿಂದ:
ಕ್ರೆಸೆಂಟ್‌ಗೆ 'ಅರ್ಧಚಂದ್ರ' ಬೇಡ. ನಮ್ಮಲ್ಲಿ ಅರ್ಧಚಂದ್ರ ಪ್ರಯೋಗ ಅಂದರೆ ಕತ್ತು ಹಿಡಿದು ಆಚೆ ದಬ್ಬುವುದು. ಆಕಾರವೂ ಅರ್ಧ ಅಲ್ಲ. 'ಬಿದಿಗೆ ಚಂದ್ರ' ಅನ್ನಿ.

ಬಸವನಗುಡಿಯಿಂದ:
'ಚಂದ್ರ' ಸಂಸ್ಕೃತ. 'ಬಿದಿಗೆ ತಿಂಗಳು'.

ಮಲ್ಲೇಶ್ವರದಿಂದ:
'ಕಿಡ್ನಿಯಲ್ಲಿ ಬಿದಿಗೆ ತಿಂಗಳು' ಅಂತ ಬರೆದರೆ, ಇನ್ನೆಷ್ಟು ತಿಂಗಳು ಉಳಿದಿದೆ ಡಾಕ್ಟ್ರೇ ಅಂತ ಕೇಳುತ್ತಾರೆ ಸ್ವಾಮಿ. ಬಿದಿಗೆ ಕೂಡ 'ದ್ವಿತೀಯಾ'ದ ತದ್ಭವವೇ.

ಜಯನಗರದಿಂದ:
ಬಿದಿಗೆ ಚಂದ್ರ ಇರಲಿ. ಉಂಡೆಯ ಸುತ್ತಲಿನ ಚೀಲದೊಳಗೆ ಜೀವಕೋಶಗಳು ಗುಂಪಾಗಿ ಬೆಳೆದರೆ ಈ ಆಕಾರ ಕಾಣುತ್ತದೆ ಅಂತ ಒಂದು ಸಾಲು ಸೇರಿಸಿ. ಈ ಕಾಯಿಲೆಯ ಬಯಾಪ್ಸಿಗೆ ಅಂಕ ಕೊಡುವ 2009ರ ಆಕ್ಸ್‌ಫರ್ಡ್ ವರ್ಗೀಕರಣದಲ್ಲಿ ಇದಕ್ಕೆ ಅಂಕ ಇರಲಿಲ್ಲ. 2016ರ ಪರಿಷ್ಕರಣೆಯಲ್ಲಿ ಸೇರಿತು. ಹಳೇ ಇಂಗ್ಲಿಷ್ ಪ್ರತಿಯಿಂದ ಅನುವಾದ ಮಾಡುತ್ತಿದ್ದರೆ ನೋಡಿಕೊಳ್ಳಿ.

ಕೇಳಿದವರಿಂದ:
'ಕೂತಿದೆ', 'ಉಂಡೆ', 'ಬಿದಿಗೆ ಚಂದ್ರ' ಹಾಕಿದೆ. ಕಿಡ್ನಿ ಕಿಡ್ನಿಯಾಗಿಯೇ ಇರುತ್ತದೆ. 'ಮೂತ್ರಪಿಂಡ ಸ್ಟೋನ್' ಅಂದವರನ್ನು ನಾನಂತೂ ನೋಡಿಲ್ಲ. ಲಕ್ಷಣದ ಸಾಲು ಹೀಗಿದೆ: "ಗಂಟಲು ನೋವು ಬಂದ ಒಂದೆರಡು ದಿನದಲ್ಲೇ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಬಹುದು. ಕೆಲವರಿಗೆ ನೊರೆಯೂ ಬರುತ್ತದೆ." ಸರಿಯಾ?

ಜಯನಗರದಿಂದ:
ಸರಿ. 'ಒಂದೆರಡು ದಿನ' ಬಿಡಬೇಡಿ. ಸ್ಟ್ರೆಪ್ಟೋಕಾಕಸ್ ಸೋಂಕಿನ ನಂತರದ ಕಿಡ್ನಿ ಉರಿಯೂತ ಬರಲು ಒಂದರಿಂದ ಮೂರು ವಾರ ಬೇಕು. ಎರಡಕ್ಕೂ ಇರುವ ಒಂದು ಮುಖ್ಯ ವ್ಯತ್ಯಾಸ ಅದು.

ಬಸವನಗುಡಿಯಿಂದ:
ಡಿಕಾಕ್ಷನ್ನೂ ಇಂಗ್ಲಿಷೇ.

ಮಲ್ಲೇಶ್ವರದಿಂದ:
ಹಾಗಾದರೆ ಕಾಫಿ ಬಿಡಿ.