ಡಿಫರೆನ್ಷಿಯಲ್ ಲಾಕ್, ಲಿಮಿಟೆಡ್ ಸ್ಲಿಪ್: ಕನ್ನಡದಲ್ಲಿ ಏನನ್ನೋಣ? (ಸ್ವಲ್ಪ ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಕಡೆ ಎಸ್ಟೇಟ್ ಜೀಪು ಓಡಿಸುವವರಿಗಾಗಿ ಒಂದು ಕೈಪಿಡಿ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಪ್ರೆಸ್ಸಿಗೆ ಹೋಗಬೇಕು. ಡಿಫರೆನ್ಷಿಯಲ್ ಅಂದರೆ ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ. ಆ ಅಂತರವನ್ನು ಪೂರ್ತಿ ತಡೆಯೋದು ಲಾಕ್, ಸ್ವಲ್ಪ ಮಟ್ಟಿಗೆ ತಡೆಯೋದು ಲಿಮಿಟೆಡ್ ಸ್ಲಿಪ್. ಲಾಕ್‌ಗೆ ‘ಬೀಗ’, ಲಿಮಿಟೆಡ್ ಸ್ಲಿಪ್‌ಗೆ ‘ಜಾರುಮಿತಿ’ ಅಂತ ಹಾಕಿದ್ದೇನೆ. ನಡೆಯುತ್ತಾ? ಡ್ಯಾಶ್‌ಬೋರ್ಡಿಗೆ ಅಂಟಿಸಲು ಒಂದು ಎಚ್ಚರಿಕೆಯ ಸಾಲೂ ಬೇಕು.

*

ಜಾರುಮಿತಿ ನಡೆಯಲ್ಲ. ಅಲ್ಲಿ ಮಿತಿ ಹಾಕೋದು ಟಯರ್ ನೆಲದ ಮೇಲೆ ಜಾರೋದಕ್ಕಲ್ಲ, ಎಡ ಬಲ ಚಕ್ರಗಳ ವೇಗದ ಅಂತರಕ್ಕೆ. ಒಂದು ಬಗೆಯಲ್ಲಿ ಕ್ಲಚ್ ಪ್ಲೇಟುಗಳು ಉಜ್ಜಿ ಹಿಡಿಯುತ್ತವೆ, ಇನ್ನೊಂದರಲ್ಲಿ ಮಂದವಾದ ಸಿಲಿಕೋನ್ ದ್ರವ. ಟಾರ್ಸೆನ್ ಅನ್ನೋ ಮೂರನೇ ಬಗೆಯಲ್ಲಿ ಬರೀ ಗೇರುಗಳು. ಹಿಡಿತ ಕಮ್ಮಿ ಇರುವ ಚಕ್ರ ಎಷ್ಟು ಬಲ ತಡೆಯುತ್ತೋ ಅದರ ಮೂರು ಪಟ್ಟು ಇನ್ನೊಂದಕ್ಕೆ ಹೋಗುತ್ತೆ ಅಂತಿಟ್ಟುಕೊಳ್ಳಿ. ಆ ಚಕ್ರ ಗಾಳಿಯಲ್ಲಿ ನೇತಾಡುತ್ತಿದ್ದರೆ? ಸೊನ್ನೆಯ ಮೂರು ಪಟ್ಟೂ ಸೊನ್ನೆಯೇ. ಜೀಪು ಅಲ್ಲೇ. ಲಾಕ್ ಹಾಗಲ್ಲ, ಎರಡು ಚಕ್ರವನ್ನೂ ಒಂದೇ ಸರಳಿಗೆ ಬೆಸೆದ ಹಾಗೆ. ಈ ವ್ಯತ್ಯಾಸ ಪದದಲ್ಲಿ ಕಾಣಬೇಕು.

*

‘ಬಿಗಿ’ಯಿಂದಲೇ ‘ಬೀಗ’. ತೆಲುಗಿನಲ್ಲೂ ಬಿಗಿ, ಬೀಗಂ ಎರಡೂ ಇವೆ. ನಮ್ಮದೇ ಬೇರು. ಹಾಗಾಗಿ ಲಾಕ್‌ಗೆ ‘ಪೂರ್ತಿಬಿಗಿ’, ಇನ್ನೊಂದಕ್ಕೆ ‘ಅರೆಬಿಗಿ’. ‘ಮಿತಿ’ ಸಂಸ್ಕೃತ, ಕಿತ್ತುಹಾಕಿ. ‘ಚಕ್ರ’ವೂ ಬೇಡ. ಗಾಲಿಗೆ ಏನಾಗಿದೆ?

*

ಡಿಫರೆನ್ಷಿಯಲ್‌ಗೆ ‘ಅವಕಲ’ ಅನ್ನಬಹುದಲ್ವಾ? ಪಿಯುಸಿ ಪುಸ್ತಕದಲ್ಲಿದೆ.

*

ಅದು ಗಣಿತದ್ದು. ಜೀಪಿನ ಅಡಿಗೆ ತರಬೇಡಿ.

*

ನಮ್ಮ ಧಾರವಾಡ ಕಡೆ ಬೀಗ ಹಾಕೋದಿಲ್ಲ, ಕೀಲಿ ಹಾಕ್ತೀವಿ. ತೆಗೆಯೋದು ಚಾವಿಯಿಂದ. ‘ಕೀಲ’ ಸಂಸ್ಕೃತ, ಚಾವಿ ಪೋರ್ಚುಗೀಸು. ಬೇರು ನೋಡ್ಕೋತ ಹೊಸ್ತಿಲಲ್ಲೇ ನಿಂತವರು ಯಾರೂ ಇಲ್ಲ. ನಮ್ಮ ಕಾಕಾನ ಟ್ರ್ಯಾಕ್ಟರಿನಲ್ಲಿ ಹಿಮ್ಮಡಿ ಹತ್ತಿರ ಒಂದು ಪೆಡಲ್ ಇದೆ. ಗಾಲಿ ಹೂತರೆ ‘ಲಾಕ್ ತುಳಿ’ ಅಂತಾರೆ, ಅಷ್ಟೇ. ಒಂದ್ಸಲ ನಾನು ಅದರ ಮೇಲಿಂದ ಕಾಲು ತೆಗೆಯದೆ ಸ್ಟೇರಿಂಗ್ ಪೂರ್ತಿ ತಿರುವಿದೆ. ಮುಂದಿನ ಗಾಲಿ ತಿರುಗಿದವು, ಟ್ರ್ಯಾಕ್ಟರ್ ಮಾತ್ರ ನೆಟ್ಟಗೆ ಹೋಗಿ ಬದು ಹತ್ತಿತು. ಕಾಕಾ ಆಗ ಅಂದದ್ದೆಲ್ಲ ಅಚ್ಚಗನ್ನಡ, ಇಲ್ಲಿ ಬರೆಯೋ ಹಾಗಿಲ್ಲ. ಪೂರ್ತಿಬಿಗಿ ಅಂದ್ರೆ ಅವರು ನಟ್ಟು ಟೈಟ್ ಮಾಡೋಕೆ ಸ್ಪ್ಯಾನರ್ ತರ್ತಾರೆ.

*

ಹೀಗೆ ಸೋಮಾರಿತನಕ್ಕೆ ಕಾಕಾನ ಸಾಕ್ಷಿ ತಂದರೆ ಮುಂದೆ ‘ತಿರುಗಿಸು’ ಹೋಗಿ ‘ಟರ್ನ್ ಮಾಡು’ ಉಳಿಯುತ್ತೆ.

*

ಆಗಲೇ ಉಳಿದಿದೆ ಸ್ವಾಮಿ. ಬಸ್ಸು ಹತ್ತಿ ನೋಡಿ.

*

ಕೇಳಿದವನು ನಾನು, ಜಗಳ ಸಾಕು. ಅರೆಬಿಗಿ ತುಂಬ ಹಿಡಿಸಿತು, ತಗೊಂಡೆ. ಲಾಕ್ ಲಾಕಾಗಿಯೇ ಇರಲಿ, ಯಾಕಂದ್ರೆ ‘ಹಾಕುವ ಲಾಕ್’, ‘ತಾನೇ ಬೀಳುವ ಲಾಕ್’ ಅಂತ ಎರಡನ್ನೂ ಬೇರೆಯಾಗಿ ಹೇಳಬೇಕಿದೆ. ಗೂರ್ಖಾ ಜೀಪಿನಲ್ಲಿ ಓಡಿಸುವವನೇ ಹಾಕಬೇಕು. ಥಾರ್ ಜೀಪಿನ ಕೆಲವು ಮಾದರಿಗಳಲ್ಲಿ ಹಿಂದಿನ ಚಕ್ರಗಳ ಲಾಕ್, ಆ ಎರಡು ಚಕ್ರಗಳ ವೇಗದ ಅಂತರ ನಿಮಿಷಕ್ಕೆ ಸುಮಾರು 100 ಸುತ್ತು ಆದಾಗ ತಾನೇ ಬೀಳುತ್ತೆ. ಸ್ಟಿಕ್ಕರ್ ಹೀಗಿದೆ:

ಕೆಸರು ದಾಟಿದ ಮೇಲೆ ಲಾಕ್ ತೆಗೆಯಿರಿ. ಟಾರು ರಸ್ತೆಯಲ್ಲಿ ಲಾಕ್ ಹಾಕಿಕೊಂಡು ತಿರುಗಿಸಬೇಡಿ.

*

ಅಂಟಿಸೋದು ‘ಸ್ಟಿಕ್ಕರ್’ ಅಲ್ಲ, ಅಂಟುಚೀಟಿ.